ಎನಿವೇ ಅಳಿಯ

ಪ್ಲೇ ಸ್ಟೋರ್ ಇರುವುದು ದಿಕ್ಕಿಲ್ಲದವರಿಗೆ ಎಂಬುದು ನನ್ನ ಅಳಿಯನ ಸಿದ್ಧಾಂತ. ಯಾರ ಬಳಕೆಯೂ ಇಲ್ಲದವರು, ಕೇಳಲು ಒಂದು ನರಪಿಳ್ಳೆಯೂ ಸಿಗದವರು ಅಲ್ಲಿಗೆ ಹೋಗಿ, ಹುಡುಕಿ, ಜಾಹೀರಾತು ನೋಡಿ ಆಪ್ ಇಳಿಸಿಕೊಳ್ಳಬೇಕು. ನಾಲ್ಕು ಮಂದಿಯ ಪರಿಚಯ ಇರುವವನಿಗೆ ಅದರ ಗರಜು ಏನು? ವಾಟ್ಸಾಪಿನಲ್ಲಿ ಯಾರಾದರೂ ಕಳಿಸುತ್ತಾರೆ. ಯಾರೂ ಕಳಿಸದಿದ್ದರೆ ಇವನು ಕಳಿಸುತ್ತಾನೆ.

ಇಂಥವನು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಗಲ್ಲಿಗೊಬ್ಬ ಸಿಗುತ್ತಾನೆ. ಸಿಂಧನೂರಿನವನು ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ದುಡ್ಡು ಆಡುವಾಗ, ಹೊಸ ಫೋನ್ ಕೊಂಡವರ ಬೆನ್ನಿಗೆ ನಿಂತಿರುತ್ತಾನೆ. ಲಿಂಗಸುಗೂರಿನವನು ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದವರಿಗೆ ಪುಕ್ಕಟೆ ಸಿನಿಮಾ ತೋರಿಸುವ ಆಪ್ ಹಾಕಿಕೊಡುತ್ತಾನೆ. ಮಸ್ಕಿಯವನು ಎರಡನ್ನೂ ಮಾಡುತ್ತಾನೆ. ಅವನೇ ನಮ್ಮವನು, ನನ್ನ ಅಕ್ಕನ ಮಗ. ಊರವರು ಅವನನ್ನು 'ಎಪಿಕೆ' ಎಂದೇ ಕರೆಯುತ್ತಾರೆ, ಆಂಡ್ರಾಯ್ಡ್ ಆಪ್‌ನ ಫೈಲಿಗಿರುವ ಹೆಸರು ಅದು. ತಾಯಿ ಇಟ್ಟ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆದರು ಎಂದು ಮುಂದೆ ಹೋಗಿಬಿಡುತ್ತಾನೆ.

ಅವನು ಮೊಬೈಲ್ ಅಂಗಡಿ ಇಟ್ಟವನಲ್ಲ. ಇಟ್ಟಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ, ಅಂಗಡಿಯವನು ರಾತ್ರಿ ಬಾಗಿಲು ಹಾಕುತ್ತಾನೆ. ಇವನದು ಸೇವೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಜನ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ಇವನು ಬಸ್ಸಿನ ಸೀಟಿನಲ್ಲಿ ಕೂತೇ ಬ್ಲೂಟೂತಿನಲ್ಲಿ ದಾನ ಮಾಡಿದವನು. ಆಮೇಲೆ ಶೇರ್‌ಇಟ್, ಕ್ಸೆಂಡರ್ ಬಂದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ಇವೆರಡೂ ಇದ್ದವು, ಟಿಕ್‌ಟಾಕೂ ಇತ್ತು. ಅಂದು ಅವನು ಎದೆ ತಟ್ಟಿಕೊಂಡು ಹೇಳಿದ ಮಾತು ನನಗಿನ್ನೂ ನೆನಪಿದೆ: "ಸರ್ಕಾರ ಬಂದ್ ಮಾಡಿದ್ದು ಪ್ಲೇ ಸ್ಟೋರ್‌ನಾಗ ಮಾಮಾ, ನನ್ನ ಪೆನ್‌ಡ್ರೈವ್‌ನಾಗಲ್ಲ." ಆ ವಾರವೇ ಪಕ್ಕದ ಮನೆಯ ಅತ್ತೆಗೆ ಟಿಕ್‌ಟಾಕ್ ಹಾಕಿಕೊಟ್ಟ. ಆಪ್ ಬಂದು ಕೂತಿತು, ತೆರೆಯಿತು, ಆದರೆ ಒಂದು ವಿಡಿಯೋವೂ ಓಡಲಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗಳೇ ಅದರ ದಾರಿ ಮುಚ್ಚಿದ್ದವು. ಆಪ್ ಇದೆ, ಒಳಗೆ ಏನೂ ಇಲ್ಲ. ಅತ್ತೆ ಮಾತ್ರ ಅದನ್ನು ಅಳಿಸಲು ಬಿಡಲಿಲ್ಲ, ಮುಂದೆಂದಾದರೂ ಬಂದೀತು ಎಂದು ಇಟ್ಟುಕೊಂಡರು.

ಅವನು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ನಿಮ್ಮ ಫೋನು ಅವನ ಎಡಗೈಗೆ ಬರುತ್ತದೆ. ಲಾಕ್ ತೆಗೆಯಲು ನಿಮ್ಮನ್ನು ಕೇಳುವುದಿಲ್ಲ, ನಿಮ್ಮ ಬೆರಳನ್ನೇ ಹಿಡಿದು ಒತ್ತಿಸುತ್ತಾನೆ. ಫೈಲ್ ಮುಟ್ಟುತ್ತಾನೆ. ಈ ಮೂಲದಿಂದ ಬಂದ ಆಪ್‌ಗಳನ್ನು ಹಾಕಲು ಅನುಮತಿ ಇಲ್ಲ ಎಂದು ಫೋನು ಹೇಳುತ್ತದೆ. ಸೆಟ್ಟಿಂಗ್ಸ್, ಅಲೋ, ವಾಪಸ್. ಆಮೇಲೆ ಗೂಗಲ್‌ನ ಕಾವಲುಗಾರ ಪ್ಲೇ ಪ್ರೊಟೆಕ್ಟ್‌ನ ಎಚ್ಚರಿಕೆ ತೆರೆಯ ತುಂಬ ಬರುತ್ತದೆ. ಅದರಲ್ಲಿ ದೊಡ್ಡದಾಗಿ 'ಗಾಟ್ ಇಟ್' ಎಂಬ ಗುಂಡಿ, ಪಕ್ಕದಲ್ಲಿ ಬಡಪಾಯಿಯಂತೆ 'ಮೋರ್ ಡೀಟೇಲ್ಸ್'. ಅವನ ಹೆಬ್ಬೆರಳು ದೊಡ್ಡ ಗುಂಡಿಯತ್ತ ಸುಳಿಯುವುದೂ ಇಲ್ಲ. ಸಣ್ಣದನ್ನು ಒತ್ತಿ, ಅದರ ಕೆಳಗೆ ಅಡಗಿದ್ದ 'ಇನ್‌ಸ್ಟಾಲ್ ಎನಿವೇ'ಯನ್ನು ಹುಡುಕಿ ಮುಟ್ಟಿ, "ಆತು ತಗೋರಿ" ಎಂದು ಫೋನು ವಾಪಸ್ ಕೊಡುತ್ತಾನೆ. ಎಚ್ಚರಿಕೆಯಲ್ಲಿ ಏನು ಬರೆದಿತ್ತು ಎಂದು ಓದುವಷ್ಟರಲ್ಲಿ ಎಚ್ಚರಿಕೆಯೇ ಇರುವುದಿಲ್ಲ.

ಹಿಂದೆ ಆಂಡ್ರಾಯ್ಡ್‌ನಲ್ಲಿ ಇದಕ್ಕೆಲ್ಲ ಒಂದೇ ಸ್ವಿಚ್ ಇತ್ತು, 'ಅನ್‌ನೋನ್ ಸೋರ್ಸಸ್' ಅಂತ. 2017ರ ಆಂಡ್ರಾಯ್ಡ್ 8ರಿಂದ ಅದು ಬದಲಾಯಿತು. ಕ್ರೋಮ್‌ಗೆ ಬೇರೆ, ವಾಟ್ಸಾಪಿಗೆ ಬೇರೆ, ಫೈಲ್ ಮ್ಯಾನೇಜರಿಗೆ ಬೇರೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ಅನುಮತಿ ಕೊಡಬೇಕು. ಬೇಕಾದಾಗ ತೆರೆದು ಕೆಲಸವಾದ ಮೇಲೆ ಮುಚ್ಚಿದರೆ ಅರ್ಧ ಅಪಾಯ ಕಳೆಯಿತು. ಆದರೆ ನಮ್ಮ ಅಳಿಯ ತುಂಗಭದ್ರಾ ಎಡದಂಡೆಯ ಉಪಕಾಲುವೆಯಲ್ಲಿ ರಾತ್ರೋರಾತ್ರಿ ತೂಬು ಎತ್ತಿ ಮನೆಗೆ ಹೋಗಿ ಮಲಗುವ ಜಾತಿ. ಎತ್ತುವುದು ಗೊತ್ತು, ಇಳಿಸುವುದು ಅವನ ಕೆಲಸವಲ್ಲ. ಅವನು ಮುಟ್ಟಿದ ಫೋನಿನಲ್ಲಿ ಎಲ್ಲ ಅನುಮತಿಗಳೂ ವರ್ಷಗಟ್ಟಲೆ ತೆರೆದೇ ಇರುತ್ತವೆ.

ಇನ್ನು ಜಿಬಿ ವಾಟ್ಸಾಪಿನ ಪುರಾಣ ಹೇಳದೆ ಮುಂದೆ ಹೋಗಲಾರೆ. ಇದು ಅಸಲಿ ವಾಟ್ಸಾಪ್ ಅಲ್ಲ, ಯಾರೋ ಹೊರಗಿನವರು ತಿದ್ದಿ ತಯಾರಿಸಿದ್ದು. ನೀಲಿ ಟಿಕ್ ಅಡಗಿಸುತ್ತದೆ, ಅಳಿಸಿದ ಮೆಸೇಜ್ ತೋರಿಸುತ್ತದೆ, ಬಣ್ಣಬಣ್ಣದ ವೇಷ ಹಾಕುತ್ತದೆ. ಅಳಿಯನ ತಂಗಿಯ ಮದುವೆ ಲಿಂಗಸುಗೂರಿನಲ್ಲಿ ಗೊತ್ತಾಗಿತ್ತು. ಭಾವ ಲಗ್ನಪತ್ರಿಕೆಯ ಫೋಟೋವನ್ನು ಬಂಧುಬಳಗಕ್ಕೆ ಕಳಿಸುತ್ತಿದ್ದರು. ವಾಟ್ಸಾಪು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಲು ಬಿಡುವುದು 2018ರಿಂದ. ಭಾವನಿಗೆ ಅದರಿಂದ ತೊಂದರೆ ಇರಲಿಲ್ಲ. ಐದು ಜನಕ್ಕೆ ಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ಮತ್ತೆ ಐದು ಜನಕ್ಕೆ ಕಳಿಸುತ್ತಿದ್ದರು. ಯಾರನ್ನು ಮೊದಲು ಕರೆಯಬೇಕು, ಯಾರನ್ನು ಕೊನೆಗೆ ಎಂಬ ಲೆಕ್ಕವೂ ಅದರಲ್ಲಿತ್ತು. ಮಗನಿಗೆ ಅದು ತಡೆಯಲಿಲ್ಲ.

"ಅಪ್ಪಾ, ಹಿಂಗ ಕಳಿಸಿದ್ರ ಮೊಮ್ಮಗನ ಜವಳಕ್ಕ ಮುಗೀತೈತಿ. ಕೊಡ್ರಿ ಇಲ್ಲಿ."

ಕೊಟ್ಟರು. ಜಿಬಿ ಬಂತು. ಒಂದೇ ಏಟಿಗೆ ಮುದಗಲ್, ಹಟ್ಟಿ, ಸಿಂಧನೂರಿನ ಕ್ಯಾಂಪುಗಳು, ರಾಯಚೂರು, ಗಂಗಾವತಿ ಎಲ್ಲಕ್ಕೂ ಪತ್ರಿಕೆ ಹೊರಟಿತು. ಹೊರಟಷ್ಟೇ ವೇಗದಲ್ಲಿ ನಿಂತಿತು. ನಿಮ್ಮ ಖಾತೆಯನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿದೆ ಎಂಬ ಸಂದೇಶ, ಅದರ ಕೆಳಗೆ ಹಿಮ್ಮುಖ ಓಡುವ ಗಡಿಯಾರ. ಇಂಥ ನಕಲಿ ಆಪ್ ಬಳಸಿದರೆ ವಾಟ್ಸಾಪ್ ಕಂಪನಿ ಹೀಗೆ ಮಾಡುತ್ತದೆ ಎಂಬುದು ಅಳಿಯನಿಗೆ ಗೊತ್ತಿತ್ತಂತೆ. "ಆದ್ರ ನಮ್ಮನ್ನ ಯಾಕ ಹಿಡೀತಾರ ಅಂದ್ಕೊಂಡಿದ್ದೆ ಮಾಮಾ, ನಮ್ಮದು ಶುಭಕಾರ್ಯ!"

ಭಾವ ಬೈಯಲಿಲ್ಲ. ಅದೇ ಭಯಂಕರವಾಗಿತ್ತು. ಫೋನನ್ನು ದೇವರ ಜಗಲಿಯ ಮೇಲೆ ಇಟ್ಟು ಎದುರಿಗೆ ಕೂತರು. ಸೆಕೆಂಡು ಇಳಿಯುವುದನ್ನು ನೋಡುತ್ತಿದ್ದರು. ಬಂದ ಬೀಗರೊಬ್ಬರು "ಇದೇನ್ರಿ, ಮುಹೂರ್ತದ ಟೈಮಾ?" ಎಂದು ಕೇಳಿ ಕೈಮುಗಿದರು. ಅಕ್ಕ ಒಳಗಿನಿಂದ ಛಾಪಿಸಿದ ಪತ್ರಿಕೆಗಳ ಕಟ್ಟು ತಂದು, ಅರಿಷಿಣ ಕುಂಕುಮ ಹಚ್ಚಿ, ಮಗನ ಬೈಕಿನ ಟ್ಯಾಂಕಿನ ಮೇಲೆ ಇಟ್ಟಳು. ಅಷ್ಟೇ. ಒಂದು ಮಾತು ಆಡಲಿಲ್ಲ.

ರಾಯಚೂರು ಜಿಲ್ಲೆಯ ಬಿಸಿಲಿನ ಬಗ್ಗೆ ನಾನು ಹೇಳಬೇಕಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಅವನು ಮನೆಮನೆ ತಿರುಗಿದ. ನಾನು ಹಿಂದಿನ ಸೀಟಿನಲ್ಲಿದ್ದೆ, ಪತ್ರಿಕೆ ಕೊಡಲು ಹಿರಿಯರೊಬ್ಬರು ಬೇಕಲ್ಲ ಎಂದು. ಹೋದ ಮನೆಯಲ್ಲೆಲ್ಲ ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಕೇಳುತ್ತಿದ್ದ ಮಾತು, "ಬಂದಿ ಹೌದಿಲ್ಲೋ, ಇದ್ಯಾಕೋ ಹ್ಯಾಂಗ್ ಆಗೈತಿ ನೋಡು." ನೋಡುತ್ತಿದ್ದ. ಒಬ್ಬ ಮುದುಕಿಗೆ ಮೊಮ್ಮಗಳ ವಿಡಿಯೋ ಕಾಲ್ ಬರುತ್ತಿರಲಿಲ್ಲ, ಸರಿ ಮಾಡಿದ. ಕ್ಯಾಂಪಿನ ರೈತನೊಬ್ಬನ ಹಳೇ ಫೋನಿಗೆ ಪ್ಲೇ ಸ್ಟೋರು "ನಿಮ್ಮ ಫೋನಿಗೆ ಇದು ಹೊಂದುವುದಿಲ್ಲ" ಎಂದು ಆಪ್ ಕೊಡಲು ಒಲ್ಲೆ ಅಂದಿತ್ತು. ಇವನು ಅದರ ಹಳೇ ಆವೃತ್ತಿ ಹುಡುಕಿ ಹಾಕಿದ, ಓಡಿತು. ಒಂದು ಲೋಟ ಮಜ್ಜಿಗೆ ಬಿಟ್ಟರೆ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. 2020ರ ಮುಂಗಾರಿನಲ್ಲಿ ರೈತರೇ ಆಪ್ ಮೂಲಕ ಬೆಳೆ ಸಮೀಕ್ಷೆ ಮಾಡಿಕೊಳ್ಳಿ ಎಂದು ರಾಜ್ಯ ಸರ್ಕಾರ ಹೇಳಿದಾಗಲೂ ಹೀಗೇ, ಪಂಚೆ ಎತ್ತಿ ಕಟ್ಟಿ ಗದ್ದೆಯ ಕೆಸರಲ್ಲಿ ನಿಂತು ಊರವರ ಭತ್ತದ ಫೋಟೋ ತೆಗೆದಿದ್ದ. ಒಂದೇ ಕೊರಗು: ಆ ಆಪ್ ಪ್ಲೇ ಸ್ಟೋರಿನಲ್ಲೇ ಸಿಗುತ್ತಿತ್ತು. ಅದರಲ್ಲಿ ಅವನ ಪ್ರತಿಭೆಗೆ ಜಾಗ ಇರಲಿಲ್ಲ.

ಮೇಷ್ಟ್ರಾಗಿ ನಿವೃತ್ತನಾದ ನನಗೆ ಉಪದೇಶದ ಚಟ ಪಿಂಚಣಿಯ ಜೊತೆಗೇ ಬಂದಿದೆ. ಒಂದು ಸಂಜೆ ಅವನನ್ನು ಹಿಡಿದು ಕೂರಿಸಿ ಮಸ್ಕಿಯ ಶಾಸನದಿಂದಲೇ ಶುರುಮಾಡಿದೆ. "ನೋಡಪಾ, ದೇಶದ ತುಂಬ ಬಂಡೆಗಳ ಮೇಲೆ ದೇವಾನಾಂಪ್ರಿಯ ಪ್ರಿಯದರ್ಶಿ ಅಂತ ಬಿರುದಷ್ಟೇ ಇತ್ತು. ಅದು ಅಶೋಕನೇ ಅನ್ನೋದು ಸಿಂಹಳದ ಗ್ರಂಥ ನೋಡಿ ಮಾಡಿದ ಊಹೆ. 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ನಮ್ಮೂರ ಗುಡ್ಡದಾಗ ಈ ಶಾಸನ ಕಂಡ. ಅದರಾಗ 'ಅಶೋಕ' ಅಂತ ಹೆಸರೇ ಇತ್ತು. ಬರೆಸಿದವರು ಯಾರು ಅಂತ ಖಾತ್ರಿ ಆತು. ಆಪ್ ಹಾಕೋ ಮುಂಚೆ ನೀನೂ ಹಂಗ ಕೇಳು: ಇದನ್ನ ಮಾಡಿದವರು ಯಾರು?"

ಅವನು ತಲೆ ಕೆರೆದುಕೊಂಡ. "ಅಶೋಕನ ಹೆಸರು ಹಾಕಿ ಬ್ಯಾರೆ ಯಾರರ ಕೊರಸಿದ್ರ ಏನ್ ಮಾಡ್ತಿದ್ರಿ ಮಾಮಾ?"

ಮೂವತ್ತು ವರ್ಷ ಪಾಠ ಹೇಳಿದೆ, ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಬ್ಯಾಂಕಿನ ಹೆಸರು, ಪಿಎಂ ಕಿಸಾನ್ ಹೆಸರು, ಆರ್‌ಟಿಒ ದಂಡದ ಹೆಸರು ಹಾಕಿಕೊಂಡು ಬರುವ ನಕಲಿ ಆಪ್‌ಗಳು ಮಾಡುವುದು ಅದನ್ನೇ. ಹೆಸರನ್ನು, ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಅಂಟಿಸಲಾಗದ್ದು ಡಿಜಿಟಲ್ ಸಹಿ. ಪ್ರತಿ ಎಪಿಕೆಗೂ ತಯಾರಿಸಿದವರ ಗುಪ್ತ ಕೀಲಿಯ ಸಹಿ ಇರುತ್ತದೆ. ಫೋನಿನಲ್ಲಿ ಈಗಾಗಲೇ ಇರುವ ಆಪ್‌ನ ಮೇಲೆ ಬೇರೆ ಸಹಿಯ 'ಅಪ್‌ಡೇಟ್' ಹಾಕಲು ಹೋದರೆ ಆಂಡ್ರಾಯ್ಡ್ ಒಪ್ಪುವುದಿಲ್ಲ. ಇದನ್ನು ಹೇಳಿದಾಗ ಅವನ ಮುಖ ಅರಳಿತು. "ಅದು ನನಗ ಗೊತ್ತೈತಿ. ಹಂಗ ಬಂದ್ರ ಹಳೇದು ತೆಗದು ಹಾಕ್ಬೇಕು, ಕೂಡ್ತೈತಿ." ಅಂದರೆ ಕಾವಲುಗಾರ ತಡೆದರೆ ಕಾವಲುಗಾರನನ್ನೇ ಮನೆಗೆ ಕಳಿಸುವುದು!

ಹೊರಗಿನಿಂದ ಆಪ್ ಹಾಕುವುದೆಲ್ಲ ಪಾಪ ಎಂದು ನಾನೂ ಹೇಳುವುದಿಲ್ಲ. ಸಿಗ್ನಲ್, ವಿಎಲ್‌ಸಿ ಇವರೆಲ್ಲ ತಮ್ಮದೇ ಜಾಲತಾಣದಲ್ಲಿ ಎಪಿಕೆ ಕೊಡುತ್ತಾರೆ. 2010ರಿಂದ ಇರುವ ಎಫ್-ಡ್ರಾಯ್ಡ್ ಎಂಬ ಆಪ್ ಭಂಡಾರದಲ್ಲಿ ಮುಕ್ತ ತಂತ್ರಾಂಶದ ಆಪ್‌ಗಳೇ ತುಂಬಿವೆ. ಮಾಡಿದವರ ಮನೆಗೇ ಹೋಗಿ ತಂದರೆ ಚಿಂತೆ ಕಡಿಮೆ. ಅಳಿಯನಿಗೆ ಇದು ರುಚಿಸಲಿಲ್ಲ. ಕಂಪನಿಯೇ ಕೊಟ್ಟರೆ ಅದರಲ್ಲಿ ಮಜಾ ಎಲ್ಲಿದೆ?

ಈಚೆಗೆ ಅವನ ಕಾಲ ಚೆನ್ನಾಗಿಲ್ಲ. 2022ರ ಆಂಡ್ರಾಯ್ಡ್ 13 ಬಂದ ಮೇಲೆ, ಹೊರಗಿನಿಂದ ಬಂದ ಆಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ ಕೊಡಲು ಹೋದರೆ ಆ ಸೆಟ್ಟಿಂಗ್ ಮಸುಕಾಗಿ ಕೂರುತ್ತದೆ. ಆ ಅನುಮತಿ ಸಿಕ್ಕಿದ ಆಪ್ ತೆರೆಯ ಮೇಲಿನದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು, ಅದಕ್ಕೇ ಈ ತಡೆ. ಮೂಲೆಯ ಮೂರು ಚುಕ್ಕೆ ಒತ್ತಿ ಅದನ್ನೂ ದಾಟುವುದನ್ನು ಕಲಿತ. 2024ರ ಅಕ್ಟೋಬರಿನಲ್ಲಿ ಗೂಗಲ್ ಭಾರತಕ್ಕೆ ಇನ್ನೊಂದು ಕಾವಲು ತರುವುದಾಗಿ ಹೇಳಿತು: ಬ್ರೌಸರ್, ವಾಟ್ಸಾಪಿನಂಥ ಕಡೆಯಿಂದ ಬಂದ ಆಪ್ ಎಸ್ಸೆಮ್ಮೆಸ್ ಓದುವ, ನೋಟಿಫಿಕೇಶನ್ ನೋಡುವ ಅನುಮತಿ ಬೇಡಿದರೆ ಪ್ಲೇ ಪ್ರೊಟೆಕ್ಟ್ ಅದನ್ನು ನೇರವಾಗಿ ತಡೆಯುತ್ತದೆ. ಅಲ್ಲಿ ಅವನ ಪ್ರೀತಿಯ 'ಎನಿವೇ' ಇಲ್ಲ. ಮೊದಲ ಸಲ ಅದನ್ನು ಕಂಡಾಗ ತೆರೆಯನ್ನು ಮೇಲೆ ಕೆಳಗೆ ಸರಿಸಿ ಸರಿಸಿ ಹುಡುಕಿದ, ಪಾಪ. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಬೇರೆ ಕಡೆಗೂ, ಗುರುತು ದೃಢಪಡಿಸಿದವರ ಆಪ್ ಮಾತ್ರ ಸಲೀಸಾಗಿ ಕೂರುವಂತೆ ಮಾಡುವುದು ಗೂಗಲ್‌ನ ಯೋಜನೆ. ಅನುಭವಸ್ಥರಿಗೆ ಬೇರೆ ದಾರಿ ಇಡುತ್ತಾರಂತೆ ಎಂದು ಸಮಾಧಾನ ಹೇಳಿದೆ. "ನಾವ ಅಲ್ಲೇನ್ರಿ ಅನುಭವಸ್ಥರು!" ಎಂದ.

ಅನುಭವಸ್ಥ ಹೌದು ಎಂಬುದು ಮೊನ್ನೆ ಗೊತ್ತಾಯಿತು. ನಮ್ಮ ಬಳಗದ ಗುಂಪಿಗೆ 'ಮದುವೆ ಆಮಂತ್ರಣ' ಎಂಬ ಎಪಿಕೆ ಬಂತು, ಪರಿಚಯದವರ ನಂಬರಿನಿಂದಲೇ. ಭಾವ ಒತ್ತುವುದರಲ್ಲಿದ್ದರು. ಅಳಿಯ ಫೋನು ಕಸಿದುಕೊಂಡ.

"ಅಪ್ಪಾ, ಪತ್ರಿಕೆ ಅಂದ್ರ ಫೋಟೋ ಇರ್ತೈತಿ, ಇಲ್ಲಾ ಪಿಡಿಎಫ್ ಇರ್ತೈತಿ. ಪತ್ರಿಕೆಗೆ ಇನ್‌ಸ್ಟಾಲ್ ಯಾಕ? ಅದಕ್ಕ ನಿಮ್ಮ ಎಸ್ಸೆಮ್ಮೆಸ್ ಓದಿ ಏನಾಗಬೇಕೈತಿ? ಒಟಿಪಿ ಬೇಕಾಗೈತಿ ಅದಕ್ಕ!"

ಹಾಗೆಂದು ಆ ನಂಬರಿನವರಿಗೆ ತಾನೇ ಫೋನ್ ಮಾಡಿದ. ಅವರು ಏನೂ ಕಳಿಸಿರಲಿಲ್ಲ, ಆಪೇ ತನ್ನನ್ನು ತಾನು ಎಲ್ಲರಿಗೂ ಕಳಿಸಿಕೊಂಡಿತ್ತು. ಇಂಟರ್ನೆಟ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಲು ಹೇಳಿ, 1930ಕ್ಕೆ ಫೋನ್ ಮಾಡಿಸಿ, ದೂರು ಬರೆಸುವ ತನಕ ಲೈನಿನಲ್ಲೇ ಇದ್ದ. ಸೈಬರ್ ವಂಚನೆಯಲ್ಲಿ ಮೊದಲ ಕೆಲವು ಗಂಟೆಯೊಳಗೆ ಆ ನಂಬರಿಗೆ ತಿಳಿಸಿದರೆ ಹೋಗುತ್ತಿರುವ ಹಣವನ್ನು ತಡೆಯುವ ಅವಕಾಶ ಹೆಚ್ಚು. ನನ್ನ ಕಣ್ಣು ತುಂಬಿ ಬಂತು ಎಂದರೆ ಅತಿಯಾದೀತು, ಆದರೆ ಬೆನ್ನು ತಟ್ಟಿದೆ.

ಆ ಹುರುಪಿನಲ್ಲಿ ರಾತ್ರಿ ಗುಂಪಿಗೆ ಉದ್ದನೆಯ ಎಚ್ಚರಿಕೆ ಬರೆದ. ಗುರುತಿಲ್ಲದ ಫೈಲ್ ಮುಟ್ಟಬೇಡಿ, ಮದುವೆ ಪತ್ರಿಕೆ ಎಂದು ಮೋಸ ಹೋಗಬೇಡಿ, ಹಿರಿಯರಿಗೆ ತಿಳಿಸಿ ಹೇಳಿ. ಒಂದು ತಪ್ಪೂ ಇರಲಿಲ್ಲ, ಮೇಷ್ಟ್ರಾಗಿ ಹೇಳುತ್ತಿದ್ದೇನೆ. ಅದರ ಕೆಳಗೆ ಇನ್ನೊಂದು ಸಾಲು: "ಇಂಥ ವೈರಸ್ ಬರಬಾರದು ಅಂದ್ರೆ ಎಲ್ಲರೂ ಈ ಆಪ್ ಹಾಕಿಕೊಳ್ಳಿ, ಪ್ರೀಮಿಯಂ ಐತಿ, ಫ್ರೀ." ಕೆಳಗೆ ಒಂದು ಎಪಿಕೆ. ನಾನು ನೋಡುವಷ್ಟರಲ್ಲಿ ಏಳೆಂಟು ಮಂದಿ ಕೈಮುಗಿದ ಗುರುತು ಹಾಕಿದ್ದರು. ಭಾವ, "ಹಾಕಿಕೊಂಡೆ, ಈಗೇನು ಒತ್ತಬೇಕು?" ಎಂದು ಕೇಳಿದ್ದರು.