ದಂತಾನುಪಾತ ಮೀಮಾಂಸೆ

ಗೋ-ಕಾರ್ಟೆಂಬ ವಾಹನದ ಅವತಾರ 1956ರಲ್ಲಿ, ಕ್ಯಾಲಿಫೋರ್ನಿಯದಲ್ಲಿ, ರೇಸ್ ಕಾರು ಕಟ್ಟುತ್ತಿದ್ದ ಆರ್ಟ್ ಇಂಗಲ್ಸ್ ಎಂಬವರ ಕೈಯಿಂದ ಆಯಿತು ಎಂಬಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಅದಕ್ಕೆ ಕೂರಿಸಿದ ಎಂಜಿನ್ನಿನ ಪೂರ್ವಾಶ್ರಮ ಹುಲ್ಲು ಕತ್ತರಿಸುವುದಾಗಿತ್ತು ಎಂಬಲ್ಲಿಯೂ ಇಲ್ಲ. ತಕರಾರೆಲ್ಲ ಹಲ್ಲುಗಳದು.

ಎಂಜಿನ್ನಿನ ಕಡೆ ಚಿಕ್ಕ ಸ್ಪ್ರಾಕೆಟ್, ಹಿಂದಿನ ಆಕ್ಸೆಲ್ಲಿಗೆ ದೊಡ್ಡದು, ನಡುವೆ ಚೈನು. ಸಾಮಾನ್ಯ ಕಾರ್ಟಿನ ಸಂಸಾರ ಇಷ್ಟೇ. ಗೇರ್‌ಬಾಕ್ಸ್ ಇಟ್ಟುಕೊಂಡ ಶ್ರೀಮಂತ ಕಾರ್ಟುಗಳು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ, ಬಂದರೂ ಬಾಗಿಲು ತೆಗೆಯುವುದಿಲ್ಲ. ಹಿಂದಿನ ಹಲ್ಲುಗಳನ್ನು ಮುಂದಿನವುಗಳಿಂದ ಭಾಗಿಸಿದರೆ ಬರುವುದೇ ದಂತಾನುಪಾತ. ಮುಂದೆ 10, ಹಿಂದೆ 80 ಇದ್ದರೆ ಅನುಪಾತ 8: ಎಂಜಿನ್ ಎಂಟು ಸುತ್ತು ಸುತ್ತಿದರೆ ಚಕ್ರಕ್ಕೆ ಒಂದು ಸುತ್ತು.

ಈಗ ಸೂತ್ರ: “ಹಿಂದಣ ಹಲ್ಲು ಹೆಚ್ಚಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ.”

ಸೂತ್ರವೂ ನಮ್ಮದೇ, ಭಾಷ್ಯವೂ ನಮ್ಮದೇ. “ಹಿಂದಣ” ಎಂದುದರಿಂದ ಚಾಲಕನ ದವಡೆಹಲ್ಲುಗಳನ್ನು ಗ್ರಹಿಸತಕ್ಕದ್ದಲ್ಲ. “ಎಳೆತ”ವೆಂದರೆ ತಿರುವಿನಿಂದ ಹೊರಬೀಳುವಾಗ ಬೆನ್ನನ್ನು ಸೀಟಿಗೆ ಒತ್ತುವ ಗುಣ. ಲೌಕಿಕರು ಇದನ್ನೇ ಪಿಕಪ್ ಎನ್ನುವರು. “ಓಟ ಕಡಿಮೆ” ಎಂಬ ಭಾಗ ಬಹುತೇಕ ಚಾಲಕರ ಪ್ರತಿಗಳಲ್ಲಿ ಕಾಣುವುದಿಲ್ಲ; ಅದು ಪ್ರಕ್ಷಿಪ್ತವೆಂದು ಅವರ ವಾದ. ಗಣಿತ ಒಪ್ಪುವುದಿಲ್ಲ. ಹಿಂದೆ 88 ಹಲ್ಲಿನದನ್ನು ಹಾಕಿದರೆ ಅನುಪಾತ 8.8, ಆಕ್ಸೆಲ್ಲಿಗೆ ಸಿಗುವ ಟಾರ್ಕು ಹತ್ತರಲ್ಲೊಂದು ಪಾಲು ಏರುತ್ತದೆ. ಆದರೆ 28 ಸೆಂಟಿಮೀಟರ್ ವ್ಯಾಸದ ಟೈರು, 13,000 ಆರ್‌ಪಿಎಂ ಎಂದಿಟ್ಟುಕೊಂಡರೆ, ಗಂಟೆಗೆ ಸುಮಾರು 86 ಕಿಲೋಮೀಟರ್ ಓಡುತ್ತಿದ್ದದ್ದು 78ಕ್ಕೇ ಮುಗ್ಗರಿಸುತ್ತದೆ. ಆಮೇಲೆ ಎಂಜಿನ್ ಕಿರುಚುತ್ತದೆ, ಪಕ್ಕದವನು ದಾಟಿ ಹೋಗುತ್ತಾನೆ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂದು ಹಿರಿಯರು ಹೇಳಿದ್ದು ಸ್ಪ್ರಾಕೆಟ್ ನೋಡಿಯೇ ಎಂದು ನಮ್ಮ ಬಲವಾದ ಊಹೆ.

ಇನ್ನು ಪೂರ್ವಪಕ್ಷ. “ಹಿಂದೆ ಅಷ್ಟೆಲ್ಲ ಹಲ್ಲು ಕಟ್ಟುವ ದುಂದೇಕೆ? 11ಕ್ಕೆ 88 ಇರುವಲ್ಲಿ ಮುಂದಿನದನ್ನು ಬಿಚ್ಚಿ 10ರದನ್ನು ಹಾಕಿದರೂ 8.8 ಬರುವುದಿಲ್ಲವೆ?” ಎನ್ನುತ್ತಾರೆ ಮುಂದಣವಾದಿಗಳು. ಬರುತ್ತದೆ. ಆದರೆ ಹಿಂದೆ ಒಂದೊಂದೇ ಹಲ್ಲು ಏರಿಸಿದರೆ ಅನುಪಾತ 0.1ರಷ್ಟು ಮಾತ್ರ ಸರಿಯುತ್ತದೆ. ಮುಂದೆ ಒಂದು ಕಳೆದರೆ ಒಮ್ಮೆಗೇ 0.8 ನೆಗೆಯುತ್ತದೆ. ಮೇಲಾಗಿ ಮುಂದಿನದು ಚಿಕ್ಕದಾದಷ್ಟೂ ಚೈನು ಬಿಗಿಯಾಗಿ ಬಾಗಿ ಬೇಗ ಸವೆಯುತ್ತದೆ. ಉಪವಾಸವಾದಿಗಳೆಂಬ ಇನ್ನೊಂದು ಪಂಥವಿದೆ: ಹಲ್ಲು ಮುಟ್ಟಬೇಡಿ, ಚಾಲಕನ ಊಟ ಕಡಿಮೆ ಮಾಡಿ ಎಂದು ಅವರ ಮತ. ಕಾರ್ಟಿನ ತೂಕ ಚಾಲಕನ ತೂಕದ ಆಸುಪಾಸಿನಲ್ಲೇ ಇರುವುದರಿಂದ ಈ ವಾದದಲ್ಲಿ ಹುರುಳಿದೆ. ಆದ್ದರಿಂದಲೇ ಅದನ್ನು ಚರ್ಚಿಸದೆ ಮುಂದೆ ಹೋಗುತ್ತೇವೆ.

ಸಿದ್ಧಾಂತ: ಟ್ರ್ಯಾಕಿನ ಅತಿ ಉದ್ದದ ನೇರದಾರಿ ಮುಗಿದು ಬ್ರೇಕ್ ತುಳಿಯುವ ಹೊತ್ತಿಗೆ ಎಂಜಿನ್ ತನ್ನ ಗರಿಷ್ಠ ಆರ್‌ಪಿಎಂ ಮುಟ್ಟಿರಬೇಕು. ನಡುದಾರಿಯಲ್ಲೇ ಮುಟ್ಟಿದರೆ ಹಿಂದಿನ ಹಲ್ಲು ಹೆಚ್ಚಾಗಿದೆ; ಕೊನೆಗೂ ಮುಟ್ಟದಿದ್ದರೆ ಕಡಿಮೆಯಾಗಿದೆ. ತಿರುವೇ ತುಂಬಿದ ಪುಟ್ಟ ಟ್ರ್ಯಾಕಿನಲ್ಲಿ ಪಿಕಪ್‌ವಾದಿಗಳೇ ಗೆಲ್ಲುತ್ತಾರೆ, ಅದನ್ನು ಅವರು ವರ್ಷವಿಡೀ ಹೇಳಿಕೊಳ್ಳುತ್ತಾರೆ.

ಸ್ಪ್ರಾಕೆಟ್ ತರುವ ಮುನ್ನ ಗೋತ್ರ ವಿಚಾರಿಸಬೇಕು. 219ರ ಚೈನಿನ ಕೊಂಡಿಗಳ ಅಂತರ 7.774 ಮಿಲಿಮೀಟರ್, 35ರದಕ್ಕೆ 9.525. ಇಲ್ಲಿ ಸಗೋತ್ರ ವಿವಾಹವೇ ಸಿಂಧು. ಹಿಂದೆ ದೊಡ್ಡದನ್ನು ಕಟ್ಟಿದ ಮೇಲೆ ಎಂಜಿನ್ನನ್ನು ಅದರ ಮೌಂಟಿನ ಮೇಲೆ ಸರಿಸಿ, ಚೈನಿಗೆ ತುಸು ಸಡಿಲ ಉಳಿಸಿ, ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯೆ ಎಂದು ನೋಡತಕ್ಕದ್ದು. ನೋಡದವರ ಚೈನು ಕಳಚಿ ಬೀಳುತ್ತದೆ. ಆಗ ಅನುಪಾತ ಒಂದಕ್ಕೆ ಒಂದು: ಕೂರುವವನೊಬ್ಬ, ತಳ್ಳುವವನೊಬ್ಬ.