ದೇವರಾಣೆ ಫೈನಲ್

ಅಕ್ಕನ ಮಗಳು ಗ್ರಾಫಿಕ್ ಡಿಸೈನ್ ಓದಲೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ ಮೇಲೆ ನೆಮ್ಮದಿಯಾಗಿ ಒಂದು ಮಸಾಲೆ ದೋಸೆ ತಿನ್ನುವುದೂ ನನಗೆ ಕಷ್ಟವಾಗಿದೆ. ಹೋಟೆಲಿನಲ್ಲಿ ಕೂತ ತಕ್ಷಣ ಅವಳ ಕಣ್ಣು ಗೋಡೆಯ ದರಪಟ್ಟಿಗೆ ಹೋಗುತ್ತದೆ. ‘ನೋಡು ಮಾಮಾ, ಇಡ್ಲಿಗೂ ಅದರ ರೇಟಿಗೂ ಮಧ್ಯೆ ಎಷ್ಟು ಜಾಗ ಬಿಟ್ಟಿದ್ದಾರೆ! ಕಣ್ಣು ದಾಟೋ ಹೊತ್ತಿಗೆ ವಡೆಯ ಸಾಲಿಗೆ ಜಾರುತ್ತೆ.’ ಇಡ್ಲಿ ತಿಂದು ವಡೆಯ ದುಡ್ಡು ಕೊಟ್ಟವರು ಯಾರೂ ಇಲ್ಲವಲ್ಲ ಎಂದರೆ ಕೇಳುವವಳಲ್ಲ.

ಮೊದಲ ವರ್ಷ ಹೀಗಿರಲಿಲ್ಲ. ಆಗ ಅವಳಿಗೆ ಸಾಫ್ಟ್‌ವೇರಿನಲ್ಲಿ ಇರುವುದನ್ನೆಲ್ಲ ಒಂದೇ ಪೋಸ್ಟರಿನಲ್ಲಿ ತೋರಿಸಿಬಿಡುವ ಹುರುಪು. ಕಾಲೇಜಿನ ಗಣೇಶೋತ್ಸವಕ್ಕೆ ಮಾಡಿದ ಪೋಸ್ಟರಿನಲ್ಲಿ ಗಣಪತಿಗೆ ನಾಲ್ಕು ದಿಕ್ಕಿಗೂ ನೆರಳು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಮೇಷ್ಟ್ರು ಕೇಳಿದರೆ, ‘ದೇವರಲ್ವಾ ಸಾರ್, ಎಲ್ಲ ಕಡೆಯಿಂದ’ ಎಂದಳಂತೆ. ಕಾಮಿಕ್ ಸಾನ್ಸ್ ಅಕ್ಷರ ಕಂಡರೆ ಮೂಗು ಮುರಿಯುವುದನ್ನೂ ಅದೇ ವರ್ಷ ಕಲಿತಳು. ಅದು ಆ ಕೋರ್ಸಿನ ಉಪನಯನವಿರಬೇಕು. ಈಗ ಅದಕ್ಕೂ ವಕಾಲತ್ತು ವಹಿಸುತ್ತಾಳೆ. ‘ವಿನ್ಸೆಂಟ್ ಕೊನಾರೆ 1994ರಲ್ಲಿ ಅದನ್ನು ಮಾಡಿದ್ದು ಕಂಪ್ಯೂಟರಿನೊಳಗಿನ ಒಂದು ಕಾರ್ಟೂನ್ ನಾಯಿ ಮಾತಾಡಲಿ ಅಂತ. ಜನ ತಗೊಂಡು ಹೋಗಿ ಅಪಾರ್ಟ್‌ಮೆಂಟಿನ ನೋಟಿಸಿಗೆ ಹಾಕಿದ್ರೆ ಅಕ್ಷರದ್ದೇನು ತಪ್ಪು?’ ನನ್ನ ಲೆಕ್ಕದಲ್ಲಿ ಅವಳು ಬೆಳೆದದ್ದು ಮೊದಲು ಗೊತ್ತಾಗಿದ್ದು ಈ ಮಾತಿನಲ್ಲಿ.

ಅವಳ ನಿಜವಾದ ಗುರು ಮಾತ್ರ ಕನ್ನಡದ ಒತ್ತಕ್ಷರ. ನಮ್ಮ ಬೀದಿಯ ಫ್ಲೆಕ್ಸಿನಲ್ಲಿ ಪುಢಾರಿಯೊಬ್ಬರಿಗೆ ‘ಹುಟ್‌ಟುಹಬ್‌ಬದ ಶುಭಾಶಯ’ ಕೋರಿದ್ದನ್ನು ಕಂಡು ಹೊಟ್ಟೆ ಹಿಡಿದು ನಕ್ಕಿದ್ದಳು. ಮರುವಾರ ಅವಳದೇ ಅಸೈನ್‌ಮೆಂಟಿನಲ್ಲಿ ಒತ್ತುಗಳು ಕಳಚಿಕೊಂಡು ಪಕ್ಕಕ್ಕೆ ನಿಂತವು. ಫೋಟೋಶಾಪಿಗೆ ಭಾರತೀಯ ಲಿಪಿಗಳ ಜೋಡಣೆ ಬೇಕೆಂದು ಸೆಟ್ಟಿಂಗಿನಲ್ಲಿ ಹೇಳದಿದ್ದರೆ ಅದು ಹೀಗೆ ಎಡವುವುದುಂಟಂತೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್ ಫಾಂಟಿಗೆ ಹಾಕಿದಾಗಲಂತೂ ಪರದೆಯ ಮೇಲೆ ಮಂತ್ರವಾದಿಯ ಯಂತ್ರವೇ ಮೂಡಿತು. ಅಲ್ಲಿಗೂ ಮುಗಿಯಲಿಲ್ಲ. ಆ ಸಾಫ್ಟ್‌ವೇರು ಸಾಲುಗಳ ಅಂತರವನ್ನು ತಾನಾಗಿ ಅಕ್ಷರದ ಅಳತೆಯ ಶೇ. 120ಕ್ಕೆ ಇಡುತ್ತದೆ, ಇಂಗ್ಲಿಷಿಗೆ ಅದು ಸಾಕು. ನಮ್ಮ ‘ರಾಷ್ಟ್ರ’, ‘ಜ್ಯೋತ್ಸ್ನಾ’ಗಳ ಒತ್ತುಗಳು ಒಂದರ ಕೆಳಗೊಂದು ಜೋತುಬಿದ್ದು, ಸಿಟಿ ಬಸ್ಸಿನಲ್ಲಿ ನಿಂತವನ ಬ್ಯಾಗು ಕೂತವನ ತಲೆಗೆ ತಾಗಿದ ಹಾಗೆ, ಕೆಳಸಾಲಿನ ಗುಡಿಸನ್ನು ಕುಟ್ಟುತ್ತವೆ. ಅವಳು ರಾತ್ರಿಯೆಲ್ಲ ಕೂತು ಸಾಲುಗಳನ್ನು ಹಿಗ್ಗಿಸಿ ಕುಗ್ಗಿಸಿ, ಕೊನೆಗೆ ಪುಟದಲ್ಲಿದ್ದ ಹೂಬಳ್ಳಿಯನ್ನೇ ಕಿತ್ತು ಅಕ್ಷರಕ್ಕೆ ಜಾಗ ಮಾಡಿಕೊಟ್ಟಳು. ತಾನು ಮಾಡಿದ್ದನ್ನು ತಾನೇ ಅಳಿಸಿದ್ದು ಅದೇ ಮೊದಲು.

ಆಮೇಲೆ ಬಂತು ದೊಡ್ಡಪ್ಪನ ಮಗನ ಮದುವೆ. ಲಗ್ನಪತ್ರಿಕೆ ಇವಳದೇ. ಪರದೆಯ ಮೇಲೆ ಥಳಥಳಿಸಿದ ಗಿಳಿಹಸಿರು ಮುದ್ರಣವಾಗಿ ಬಂದಾಗ ಕಂದಿಹೋಗಿತ್ತು. ಪರದೆಯದು ಬೆಳಕಿನ ಬಣ್ಣ, ಅಚ್ಚಿನದು ನಾಲ್ಕು ಶಾಯಿಗಳ ಬಣ್ಣ. ಮೊದಲನೆಯದರ ಎಲ್ಲ ಹೊಳಪೂ ಎರಡನೆಯದರಲ್ಲಿ ಹುಟ್ಟುವುದಿಲ್ಲ. ಬಣ್ಣವನ್ನು ಮನೆಯವರು ಸಹಿಸಿಕೊಂಡರು. ಆದರೆ ‘ಸುಖಾಗಮನ ಬಯಸುವವರು’ ಪಟ್ಟಿಯನ್ನು ಅಂಚಿಗೆ ಒತ್ತಿ ಕೂರಿಸಿದ್ದರಿಂದ ಕಟಿಂಗ್ ಯಂತ್ರ ಸೋದರತ್ತೆಯೊಬ್ಬರ ಹೆಸರಿನ ಬಾಲ ಕತ್ತರಿಸಿತ್ತು. ಆ ಅತ್ತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಹಿನ್ನೆಲೆಯ ಬಣ್ಣ ಅಂಚು ದಾಟಿ 3 ಮಿಲಿಮೀಟರ್ ಹೊರಗೆ ಹರಿಯಬೇಕು, ಅಕ್ಷರ ಅಂಚಿನಿಂದ ದೂರ ಒಳಗೇ ಇರಬೇಕು ಎಂಬುದನ್ನು ಸುಲ್ತಾನ್‌ಪೇಟೆಯ ಮುದ್ರಕರೊಬ್ಬರು ಚಹಾ ಕುಡಿಸಿ ಹೇಳಿಕೊಟ್ಟರು. ಕಾಲೇಜಿನಲ್ಲೂ ಅದನ್ನೇ ಹೇಳಿದ್ದರಂತೆ. ಕಾಲೇಜಿನಲ್ಲಿ ಅತ್ತೆ ಇರಲಿಲ್ಲ, ಅಷ್ಟೇ.

ಅಭ್ಯಾಸಗಳೂ ಬದಲಾದವು. ಅವಳ ಕಂಪ್ಯೂಟರಿನಲ್ಲಿ ಹಿಂದೆ ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’, ‘ದೇವರಾಣೆ ಫೈನಲ್’ ಎಂಬ ಫೈಲುಗಳಿದ್ದವು. ಮುದ್ರಣಕ್ಕೆ ಹೋಗುತ್ತಿದ್ದದ್ದು ತಪ್ಪದೆ ಎರಡನೆಯದು. ಈಗ ಎಲ್ಲಕ್ಕೂ ತಾರೀಖು, ಕ್ರಮಸಂಖ್ಯೆ. ಲ್ಯಾಪ್‌ಟಾಪ್ ತೆರೆಯುವ ಮೊದಲು ಕಾಗದ, ಪೆನ್ಸಿಲು. ಮಿಲ್ಟನ್ ಗ್ಲೇಸರ್ ನ್ಯೂಯಾರ್ಕಿನ ಆ ಕೆಂಪು ಹೃದಯದ ಲಾಂಛನವನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಕ್ರೇಯಾನಿನಲ್ಲಿ ಗೀಚಿದ್ದರೆಂದು ಕೇಳಿದಾಗಿನಿಂದ ಇವಳೂ ಆಟೋದಲ್ಲಿ ಗೀಚುತ್ತಾಳೆ. ನಮ್ಮ ರಸ್ತೆಯ ಹಳ್ಳಗಳಲ್ಲಿ ಹೃದಯಗಳು ಬೇರೆ ಆಕಾರ ತಾಳುತ್ತವೆ, ಆ ಮಾತು ಬೇರೆ.

ಈಚೆಗೆ ಅಜ್ಜಿಗೆ ಮಾತ್ರೆಗಳ ಪಟ್ಟಿ ಮಾಡಿಕೊಟ್ಟಳು. ಮಾಡುವ ಮೊದಲು ವಿಚಾರಣೆಯೇ ನಡೆಯಿತು: ಎಲ್ಲಿ ಅಂಟಿಸ್ತೀಯ, ಕನ್ನಡಕ ಹಾಕಿಕೊಂಡು ಓದ್ತೀಯೋ ಇಲ್ಲದೆಯೋ, ರಾತ್ರಿ ದೀಪ ಇರುತ್ತಾ? ಆಮೇಲೆ ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪಕ್ಷರ, ಬೆಳಗಿಗೊಂದು ಸೂರ್ಯ, ರಾತ್ರಿಗೊಂದು ಚಂದ್ರ. ನೆರಳಿಲ್ಲ, ಹೊಳಪಿಲ್ಲ, ಬಳ್ಳಿಯಿಲ್ಲ. ‘ಇಷ್ಟಕ್ಕೆ ಕಾಲೇಜು ಯಾಕೆ, ನಾನೇ ಬರೀತಿದ್ದೆ’ ಎಂದು ಅಜ್ಜಿ ಗೊಣಗಿದರು. ಮಾತ್ರೆಯನ್ನು ಮಾತ್ರ ಅದನ್ನು ನೋಡಿಯೇ ನುಂಗುತ್ತಾರೆ. ಅವಳು ಮಾಡಿದ್ದರಲ್ಲೆಲ್ಲ ಒಳ್ಳೆಯದು ಇದೇ ಎಂದು ನನ್ನ ತೀರ್ಪು.

ಸುದ್ದಿ ಹಬ್ಬಿ ಈಗ ನೆಂಟರೆಲ್ಲ ನಾಮಕರಣ, ಗೃಹಪ್ರವೇಶಗಳ ಕಾರ್ಡಿಗೆ ಫೋನು ಮಾಡುತ್ತಿದ್ದಾರೆ. ಅವಳ ಪರವಾಗಿ ನನ್ನದೊಂದು ವಿನಂತಿ: ತಿಂಗಳು ಮೊದಲೇ ಹೇಳಿ, ಹೆಸರುಗಳ ಕಾಗುಣಿತ ನೀವೇ ನೋಡಿಕೊಡಿ. ವಾಟ್ಸಾಪಿನಲ್ಲಿ ಫೋಟೋ ಕುಗ್ಗಿಹೋಗುತ್ತದೆ, ದಯವಿಟ್ಟು ಡಾಕ್ಯುಮೆಂಟ್ ಮಾಡಿ ಕಳಿಸಿ. ‘ಸುಮ್ನೆ ಒಂದು ಡಿಸೈನ್ ಮಾಡ್ಕೊಡು’ ಎನ್ನುವವರು ದುಡ್ಡಿನ ಮಾತನ್ನೂ ಅದೇ ಫೋನಿನಲ್ಲಿ ಮುಗಿಸಿ.