ಮಿತವ್ಯಯದ ಸಾರಥಿ

ಭಾನುವಾರದ ಬೆಳಗಿನ ಹೊತ್ತು ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯಲ್ಲಿ, ಕಾರಿನ ಮುಂಬಾಗಿಲಿನಿಂದ ಹೊರಚಾಚಿದ ಎರಡು ಕಾಲುಗಳನ್ನೂ, ಅವುಗಳ ಪಕ್ಕದಲ್ಲಿ ಆರಿಹೋದ ಕಾಫಿಯ ಲೋಟವನ್ನೂ ನೀವು ಕಂಡಿರಾದರೆ, ಆ ಕಾಲುಗಳ ಒಡೆಯರ ಉಳಿದ ಶರೀರವು ಸ್ಟೀರಿಂಗಿನ ಕೆಳಗಣ ಕತ್ತಲೆಯಲ್ಲಿ ಒಂದು ಕೆಂಪು ತಂತಿಯನ್ನು ಅರಸುತ್ತಿದೆಯೆಂದು ನಿಸ್ಸಂಶಯವಾಗಿ ತಿಳಿಯಬಹುದು. ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ ಗೌರವದ ಹುದ್ದೆಯಲ್ಲಿರುವ, ಮನೆಯಲ್ಲಿ ಸೌಮ್ಯರೂ ಅಂಗಡಿಯ ಮುಂದೆ ಕಠಿಣರೂ ಆದ ಈ ಮಹಾಶಯರು, ತಮ್ಮ ಸೆಕೆಂಡ್ ಹ್ಯಾಂಡ್ ಕಾರಿನೊಳಗೆ 5,000 ರೂಪಾಯಿಗಳನ್ನು ಮೀರದಂತೆ ಒಂದು ಕಂಪ್ಯೂಟರನ್ನು ಸ್ವಹಸ್ತದಿಂದಲೇ ಪ್ರತಿಷ್ಠಾಪಿಸತಕ್ಕದ್ದೆಂದು ಸಂಕಲ್ಪಿಸಿದ್ದಾರೆ.

ಕಾರಿಗೆ ಕಂಪ್ಯೂಟರು ಏತಕ್ಕೆಂದು ಅವರ ಸಮಕ್ಷಮದಲ್ಲಿ ಕೇಳುವುದು ಸಭ್ಯರ ಲಕ್ಷಣವಲ್ಲ. ದಾರಿ ತೋರಿಸಲು, ಹಾಡು ಹಾಡಲು, ಎಂಜಿನ್ನಿನ ಆರೋಗ್ಯವನ್ನು ವಿಚಾರಿಸಲು ಎಂಬುದಾಗಿ ಅವರು ಉತ್ತರಿಸುವರು. ಇವುಗಳಲ್ಲಿ ಮೊದಲಿನೆರಡನ್ನು ಅವರ ಜೇಬಿನಲ್ಲಿರುವ ಫೋನು ಈಗಲೇ ಮಾಡುತ್ತಿದೆಯಲ್ಲವೇ ಎಂದರೆ, ಮೌನವಾಗಿ ನಿಮ್ಮನ್ನು ನೋಡುವರು. ಇಂಧನ ಎಷ್ಟು ಚಿಮ್ಮಬೇಕೆಂದು ಎಂಜಿನ್ನಿಗೆ ಅಪ್ಪಣೆ ಕೊಡುವ ಕಂಪ್ಯೂಟರೊಂದು ಕಾರ್ಖಾನೆಯಿಂದ ಬರುವಾಗಲೇ ಕಾರಿನೊಳಗೆ ಕುಳಿತುಬಂದಿದೆಯಲ್ಲ ಎಂದರೆ, ಆ ನೋಟದಲ್ಲಿ ಕರುಣೆಯೂ ಬೆರೆಯುವುದು.

ಅವರ ಲೆಕ್ಕದ ಪುಸ್ತಕವನ್ನು ನೋಡುವ ಭಾಗ್ಯ ನನಗೆ ದೊರೆತಿದೆ. ಅದರಲ್ಲಿ ಸೊನ್ನೆಗೆ ಸಂದಿರುವ ಗೌರವ ಗಣಿತಶಾಸ್ತ್ರದಲ್ಲಿಯೂ ಸಂದಿರಲಾರದು. ಮುಖ್ಯಯಂತ್ರವಾದ ರಾಸ್ಪ್‌ಬೆರಿ ಪೈ, ಅಂದರೆ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನವರು ರೂಪಿಸಿ, 2012ರ ಫೆಬ್ರವರಿ 29ರಂದು 35 ಡಾಲರಿನ ಬೆಲೆಗೆ ಲೋಕಾರ್ಪಣ ಮಾಡಿದ ಅಂಗೈಯಗಲದ ಕಂಪ್ಯೂಟರು (ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹುಟ್ಟುಹಬ್ಬ ಬರುವುದು ಕೂಡ ಮಿತವ್ಯಯಿಗಳಿಗೆ ಪ್ರಿಯವಾದ ಗುಣವೇ), ಅಣ್ಣನ ಮಗನ ಕಾಲೇಜು ಪ್ರಾಜೆಕ್ಟಿನಲ್ಲಿ ಉಳಿದದ್ದು, ಆದ್ದರಿಂದ ಸೊನ್ನೆ. ಏಳು ಇಂಚಿನ ಸ್ಪರ್ಶಪರದೆ ಅಮೆರಿಕದ ಭಾವಮೈದುನ ತಂದುಕೊಟ್ಟದ್ದು, ಆದ್ದರಿಂದ ಸೊನ್ನೆ. ಆ ಭಾವಮೈದುನನಿಗೆ ಪ್ರತಿಯಾಗಿ ಕೊಡಿಸಿದ ರೇಷ್ಮೆ ಸೀರೆ ಮದುವೆಯ ಖಾತೆಗೆ ಹೋಗಿದೆ. ಬೆಸುಗೆಯ ಕಡ್ಡಿ, ಮಲ್ಟಿಮೀಟರು, ಸ್ಕ್ರೂಡ್ರೈವರುಗಳ ಪೆಟ್ಟಿಗೆ ಇವೆಲ್ಲ ಮುಂದಕ್ಕೂ ಉಪಯೋಗಕ್ಕೆ ಬರುವಂಥವಾದುದರಿಂದ ಈ ಕಾರ್ಯದ ವೆಚ್ಚವಲ್ಲ. ಹೀಗೆ ಶೋಧಿಸಿ ಶೋಧಿಸಿ ಉಳಿದ ಮೊತ್ತ 4,850 ರೂಪಾಯಿ.

ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳ ಸಾಲಿನಲ್ಲಿ ಅವರನ್ನು ನೋಡಬೇಕು. ಕಾರಿನ 12 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 5 ವೋಲ್ಟಿಗೆ ಇಳಿಸುವ ಬೆಂಕಿಪೊಟ್ಟಣದಷ್ಟಿರುವ ಕನ್ವರ್ಟರನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವರು.

“ಮೂರು ಆಂಪಿಯರ್ ಕೊಡತ್ತೆ, ಸಾರ್.”

“ನಿಜವಾಗಿ ಕೊಡತ್ತೇನಪ್ಪಾ?”

“ಹಾಗಂತ ಅದರ ಮೇಲೇ ಬರೆದಿದೆಯಲ್ಲ, ಸಾರ್.”

ಈ ಶಾಸ್ತ್ರಪ್ರಮಾಣಕ್ಕೆ ಮಣಿದು, ಹತ್ತು ರೂಪಾಯಿ ಇಳಿಸಿಕೊಂಡು, ಆ ಸಂತೋಷದಲ್ಲಿ ಆಟೋಗೆ ನೂರಿಪ್ಪತ್ತು ಕೊಟ್ಟು ಮನೆಗೆ ಬರುವರು.

ನಿಜವಾದ ಕಷ್ಟಪರಂಪರೆ ಆರಂಭವಾಗುವುದು ವಿದ್ಯುತ್ತಿನಿಂದ. ಸ್ಟೀರಿಯೋವಿನ ಹಿಂದೆ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ: ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಕೆಂಪು, ಹಗಲಿರುಳೂ ಜೀವವಿರುವ ಹಳದಿ. ಮಹಾಶಯರು ಮೊದಲು ಕೆಂಪಿಗೆ ಕಟ್ಟಿದರು. ಕೀಲಿಯನ್ನು ಅರ್ಧ ತಿರುಗಿಸಿದೊಡನೆ ಕಂಪ್ಯೂಟರು ಕಣ್ಣು ತೆರೆಯಲು ತೊಡಗುವುದು. ಪೂರ್ತಿ ತಿರುಗಿಸಿದಾಗ ಬ್ಯಾಟರಿಯ ಸಮಸ್ತ ಶಕ್ತಿಯೂ ಸ್ಟಾರ್ಟರಿಗೇ ಮೀಸಲಾಗಲೆಂದು ಕಾರು ಕೆಂಪು ತಂತಿಯನ್ನು ಕ್ಷಣಕಾಲ ಕಡಿಯುವುದರಿಂದ ಮತ್ತೆ ಮೂರ್ಛೆ ಹೋಗುವುದು. ಎಂಜಿನ್ನು ಓಡತೊಡಗಿದ ಮೇಲೆ ಪುನಃ ಮೊದಲಿನಿಂದ ಏಳುವುದು. ಇಷ್ಟನ್ನು ಸಹಿಸಬಹುದಾಗಿತ್ತು. ಆದರೆ ಮೆಮೊರಿ ಕಾರ್ಡಿಗೆ ಏನನ್ನೋ ಬರೆದುಕೊಳ್ಳುತ್ತಿರುವಾಗಲೇ ಕೀಲಿ ತೆಗೆದರೆ ಬರಹ ನಡುವೆಯೇ ತುಂಡಾಗಿ, ಮರುದಿನ ಯಂತ್ರಕ್ಕೆ ಪೂರ್ವಸ್ಮರಣೆಯೇ ಇರುವುದಿಲ್ಲ. ಕಾರ್ಡುಗಳು ಒಂದಾದ ಮೇಲೊಂದರಂತೆ ಕಾಲವಶವಾದಾಗ ಅವರು ಹಳದಿಗೆ ಬದಲಾಯಿಸಿದರು. ಆಗ ಕಂಪ್ಯೂಟರು ಕಾರು ನಿಂತಾಗಲೂ ಎಚ್ಚರವಾಗಿಯೇ ಇದ್ದು, ಮೂರು ವಾಟಿನಂತೆ ಹೀರಿದರೂ 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಆರು ದಿನಗಳೊಳಗೆ ಬರಿದಾಗತಕ್ಕದ್ದೆಂಬ ಸರಳ ಗಣಿತವು, ಮಹಾಶಯರು ತೀರ್ಥಹಳ್ಳಿಯ ಮದುವೆಯೊಂದಕ್ಕೆ ಸಕುಟುಂಬವಾಗಿ ಬಸ್ಸಿನಲ್ಲಿ ಹೋಗಿ ವಾರದ ನಂತರ ಮರಳಿದಾಗ ತಾನೇ ತಾನಾಗಿ ಸಿದ್ಧಪಟ್ಟಿತು. ಕಾರನ್ನು ತಳ್ಳಿದ ನೆರೆಯವರಿಗೆ ಕೊಟ್ಟ ಉಪ್ಪಿಟ್ಟು ಕಾಫಿಗಳು ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಹಳದಿಯಿಂದ ಆಹಾರವನ್ನೂ ಕೆಂಪಿನಿಂದ ಅಪ್ಪಣೆಯನ್ನೂ ಪಡೆದು, ಅಪ್ಪಣೆ ನಿಂತೊಡನೆ ಕಂಪ್ಯೂಟರಿಗೆ ಮಲಗೆಂದು ಹೇಳಿ, ಅದು ಮಲಗುವಷ್ಟು ಹೊತ್ತು ಕಾದು, ಅನಂತರವೇ ವಿದ್ಯುತ್ತನ್ನು ಕಡಿಯುವ ಒಂದು ಚಿಕ್ಕ ವಿದ್ಯುನ್ಮಂಡಲವೇ ಇದಕ್ಕೆ ಪರಿಹಾರ. ಅದು ಸಿದ್ಧವಾಗಿಯೂ ಸಿಗುತ್ತದೆ. ಸಿದ್ಧವಾಗಿ ಸಿಗುವುದರಿಂದಲೇ ಅದು ಮಹಾಶಯರಿಗೆ ವರ್ಜ್ಯ. ಶಿವಾಜಿನಗರದ ಗುಜರಿಯಿಂದ ಒಂದು ರಿಲೇ ತಂದು ಅವರೇ ಕಟ್ಟಿದರು. ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು: ಸ್ಕ್ರೂವಿಗೂ ಚೌಕಾಶಿ ಮಾಡುವ ಈ ಮನುಷ್ಯರು ಫ್ಯೂಸಿನ ವಿಷಯದಲ್ಲಿ ಎಂದೂ ಕೈ ಬಿಗಿಹಿಡಿದವರಲ್ಲ. ತಂತಿ ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದರೆ ಉರಿಯುವುದು ಕಂಪ್ಯೂಟರಲ್ಲ, ಕಾರು ಎಂಬುದನ್ನು ಬಲ್ಲವರಾಗಿ, ಬ್ಯಾಟರಿಯ ಮಗ್ಗುಲಲ್ಲೇ ತಕ್ಕ ಫ್ಯೂಸನ್ನು ಹಾಕಿದ್ದರು. ಸಿದ್ಧಹಸ್ತರೆನಿಸಿಕೊಂಡ ಎಷ್ಟೋ ಮೆಕ್ಯಾನಿಕರು ಇಷ್ಟನ್ನೂ ಮಾಡುವುದಿಲ್ಲ.

ಪರದೆಯ ಕಥೆ ಸಂಕ್ಷೇಪವಾದುದು. ಡ್ಯಾಶ್‌ಬೋರ್ಡಿನಲ್ಲಿ ದೊಡ್ಡ ಸ್ಟೀರಿಯೋಗೆಂದು ಬಿಟ್ಟಿರುವ ಕಂಡಿ 180 ಮಿಲಿಮೀಟರ್ ಅಗಲ, 100 ಎತ್ತರ; ಪರದೆಯಾದರೋ 194 ಅಗಲ, 110 ಎತ್ತರ. ಅಳತೆಯನ್ನು ಅವರು ತೆಗೆದದ್ದು ಪರದೆ ಬಂದ ಮೇಲೆ. ಗರಗಸದ ಅಲಗಿನಿಂದ ಕೊಯ್ದು, ಕೊಯ್ದದ್ದು ಹೆಚ್ಚಾದ ಕಡೆ ಎಂ-ಸೀಲ್ ಮೆತ್ತಿ, ಮೆತ್ತಿದ್ದು ಕಾಣದಂತೆ ಕಪ್ಪು ಬಣ್ಣ ಬಳಿದು, ಬಣ್ಣ ಹೊಂದದಿದ್ದಾಗ ಉಳಿದ ಡ್ಯಾಶ್‌ಬೋರ್ಡಿಗೂ ಅದೇ ಬಣ್ಣವನ್ನು ಬಳಿದರು.

ಹಾಡು ಬಂದಿತು, ಅದರೊಂದಿಗೆ ಆಲ್ಟರ್ನೇಟರಿನ ಕೊರೆತವೂ ಬಂದಿತು. ಸುಪ್ರಭಾತದ ಹಿಂದೆ ಕುಂಯ್ ಎಂದು ಹಿಡಿದ ಆ ಶ್ರುತಿ ಆಕ್ಸಿಲರೇಟರು ಒತ್ತಿದಂತೆಲ್ಲ ಏರುತ್ತಿತ್ತು. ಕಂಪ್ಯೂಟರಿನ ಅರ್ಥಿಂಗ್ ತಂತಿಯನ್ನು ಒಂದೆಡೆಯೂ ಆಂಪ್ಲಿಫೈಯರಿನದನ್ನು ಇನ್ನೊಂದೆಡೆಯೂ ಕಟ್ಟಿದ್ದರ ಫಲವದು. ಎರಡನ್ನೂ ಒಂದೇ ಬೋಲ್ಟಿಗೆ ತಂದಾಗ ತಕ್ಕಮಟ್ಟಿಗೆ ಅಡಗಿತು.

ಕೊನೆಗೆ ಸ್ಟೀರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಗುಬುಟೊಂದನ್ನು ಸಿಕ್ಕಿಸಿ, ಎಂಜಿನ್ನಿನೊಡನೆ ಸಂಭಾಷಿಸಲು ತೊಡಗಿದ ದಿನ ಧರ್ಮಪತ್ನಿಯವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕನಕಪುರ ರಸ್ತೆಯಲ್ಲಿ ಸಾಗಿದರು. ಪರದೆಯ ಮೇಲೆ ವೇಗ 42 ಎಂದು ಮೂಡಿತು.

“ಏನ್ರೀ, ಎದುರಿಗಿರೋ ಸೂಜಿನೂ ಅಷ್ಟೇ ತೋರಿಸ್ತಿದೆಯಲ್ಲ?”

“ಅದು ಕಂಪನಿಯವರದು ಕಣೇ. ಇದು ನಮ್ಮದು.”

ಸೂಜಿಗಿಂತ ಒಂದು ಕ್ಷಣ ತಡವಾಗಿ ಅದೇ ಅಂಕಿಯನ್ನು ಹೇಳುವ ಈ ಸಾಧನಕ್ಕೆ, ಸೊನ್ನೆಗಳನ್ನೆಲ್ಲ ಅವುಗಳ ನಿಜವಾದ ಬೆಲೆಗೆ ಪರಿವರ್ತಿಸಿದರೆ, ಜೆ.ಸಿ. ರಸ್ತೆಯ ಅಂಗಡಿಯವರು ಸಿದ್ಧ ಪರದೆಯೊಂದನ್ನು ಮಧ್ಯಾಹ್ನದೊಳಗೆ ಕೂರಿಸಿಕೊಡುವುದಕ್ಕಿಂತ ಹೆಚ್ಚು ತಗುಲಿದೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಅಂಗಡಿಯಿಂದ ಹೊರಡುವ ಯಾವ ಗಿರಾಕಿಯ ಮುಖದಲ್ಲಿಯೂ ಅಂದು ಇವರ ಮುಖದಲ್ಲಿದ್ದ ಕಳೆಯನ್ನು ನಾನು ಕಂಡಿಲ್ಲ.

ಈಗ ಹಿಂದಿನ ಸೀಟಿನ ಮಕ್ಕಳಿಗಾಗಿ ಎರಡನೆಯ ಪರದೆಯ ಯೋಚನೆ ಮೊಳೆತಿದೆ. ಆದಕಾರಣ ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಲ್ಯಾಪ್‌ಟಾಪು ಬಿದ್ದಿದ್ದರೆ, ದಯವಿಟ್ಟು ಅದರ ಸುದ್ದಿಯನ್ನು ಮಹಾಶಯರ ಕಿವಿಗೆ ಹಾಕದಿರಿ. ಅವರ ಪುಸ್ತಕದಲ್ಲಿ ಅದಕ್ಕಾಗಿ ಒಂದು ಸೊನ್ನೆ ಈಗಾಗಲೇ ಕಾದಿದೆ.